ಪಾಸ್‌ವರ್ಡ್ ಸರಿ, ಆದರೂ ಮತ್ತೆ ಲಾಗಿನ್ ಪರದೆ

ಪಾಸ್‌ವರ್ಡ್ ಹೊಡೆದು ಎಂಟರ್ ಒತ್ತಿದರೆ ಪರದೆ ಎರಡು ಸೆಕೆಂಡು ಕಪ್ಪಾಗುತ್ತದೆ, ಮೌಸಿನ ಬಾಣ ಒಮ್ಮೆ ಮಿನುಗುತ್ತದೆ, ಆಮೇಲೆ ಮತ್ತೆ ಅದೇ ಲಾಗಿನ್ ಪರದೆ. ತಪ್ಪಾಯಿತು ಎಂಬ ಒಂದು ಸಾಲೂ ಇಲ್ಲ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅನ್ನುವ ಹಾಗೆ, ಎಷ್ಟು ಸಲ ಒಳಗೆ ಕಳಿಸಿದರೂ ಹೊರಗೆ ಬಂದು ನಿಲ್ಲುತ್ತದೆ. ಲಿನಕ್ಸ್ ಬಳಸುವವರು ಇದನ್ನು ಲಾಗಿನ್ ಲೂಪ್ ಎನ್ನುತ್ತಾರೆ. ಇಲ್ಲಿ ಬಿಚ್ಚಿ ನೋಡಿರುವ ಯಂತ್ರ ಕನ್ನಡ ಟೈಪಿಂಗ್ ಮತ್ತು ಸ್ಕ್ಯಾನಿಂಗ್‌ಗೆ ಬಳಸುವ ಡೆಸ್ಕ್‌ಟಾಪ್: 8 ಜಿಬಿ ರ‍್ಯಾಮ್, 120 ಜಿಬಿ ಎಸ್‌ಎಸ್‌ಡಿ, ಲಿನಕ್ಸ್ ಮಿಂಟ್ 21, ಸಿನಮನ್ ಡೆಸ್ಕ್‌ಟಾಪ್, ಲಾಗಿನ್ ಪರದೆ ಲೈಟ್‌ಡಿಎಂನದು. ನಮ್ಮ ಕೈಗೆ ಬರುವಷ್ಟರಲ್ಲಿ ಬೇರೆಯವರು ಒಂದು ಸುತ್ತು ರಿಪೇರಿ ಮಾಡಿ ಮುಗಿಸಿದ್ದರು. ಅದೂ ಒಂದು ಕಾಯಿಲೆಯೇ ಎಂದು ಆಮೇಲೆ ಗೊತ್ತಾಯಿತು.

ಕಮಾಂಡ್‌ಗಳನ್ನು ಇಲ್ಲಿ ಬಾಯಲ್ಲಿ ಹೇಳುವಂತೆ ಬರೆದಿದೆ. ಹೊಡೆಯುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲೇ ಹೊಡೆಯಬೇಕು. ದೊಡ್ಡಕ್ಷರ ಬೇಕಾದ ಕಡೆ ಹೇಳಿದೆ. ಅಡ್ಡಗೆರೆ, ಓರೆಗೆರೆ, ಖಾಲಿ ಜಾಗ ಎಲ್ಲವೂ ಕಂಡಂತೆಯೇ.

ಮೊದಲು ಇತ್ಯರ್ಥ ಆಗಬೇಕಾದದ್ದು ಒಂದೇ: ಪಾಸ್‌ವರ್ಡ್ ತಪ್ಪಾಗುತ್ತಿದೆಯೋ, ಸರಿಯಾಗಿದ್ದೂ ಒಳಗೆ ಹೋದ ಮೇಲೆ ಏನಾದರೂ ಮುರಿಯುತ್ತಿದೆಯೋ? ಪಾಸ್‌ವರ್ಡ್ ತಪ್ಪಾದರೆ ಲಾಗಿನ್ ಪರದೆ ಒಂದೆರಡು ಸೆಕೆಂಡು ತಡೆದು ತಪ್ಪು ಎಂದೇ ಹೇಳುತ್ತದೆ, ಪರದೆ ಕಪ್ಪಾಗುವುದಿಲ್ಲ. ಪರದೆ ಕಪ್ಪಾಗಿ ವಾಪಸ್ ಬಂತೆಂದರೆ ಪಾಸ್‌ವರ್ಡ್ ಒಪ್ಪಿಗೆಯಾಗಿದೆ, ಸೆಷನ್ (ಲಾಗಿನ್ ಆದ ಮೇಲಿನ ಡೆಸ್ಕ್‌ಟಾಪ್) ಶುರುವಾಗಿದೆ, ಶುರುವಾದ ಕೂಡಲೇ ಸತ್ತಿದೆ. ಸೆಷನ್ ಸತ್ತರೆ ಲಾಗಿನ್ ಪರದೆಯನ್ನು ಮತ್ತೆ ತೋರಿಸುವುದು ಲೈಟ್‌ಡಿಎಂನ ಕೆಲಸ, ಅದನ್ನು ಅದು ನಿಷ್ಠೆಯಿಂದ ಮಾಡುತ್ತಿದೆ. ಹಾಗಾಗಿ ಪಾಸ್‌ವರ್ಡ್ ಬದಲಾಯಿಸುವುದರಿಂದ ಏನೂ ಉಪಯೋಗವಿಲ್ಲ. ಉಪಯೋಗವಿಲ್ಲದಿರುವುದಷ್ಟೇ ಅಲ್ಲ, ರಿಕವರಿ ಮೋಡಿನಿಂದ ಪಾಸ್‌ವರ್ಡ್ ಬದಲಾಯಿಸಿದರೆ ಒಳಗಿನ ಕೀರಿಂಗ್ (ಉಳಿಸಿಟ್ಟ ಪಾಸ್‌ವರ್ಡುಗಳ ಪೆಟ್ಟಿಗೆ) ಹಳೆಯ ಪಾಸ್‌ವರ್ಡಿನಲ್ಲೇ ಉಳಿದು, ಬ್ರೌಸರ್ ತೆರೆದಾಗಲೆಲ್ಲ ಹಳೆಯದನ್ನು ಕೇಳಲು ಶುರುಮಾಡುತ್ತದೆ.

ಕನ್ನಡ ಕೀಲಿಮಣೆ ಹಾಕಿಕೊಂಡಿರುವ ಯಂತ್ರಗಳಲ್ಲಿ ಇನ್ನೊಂದು ನೋಡಲೇಬೇಕು. ಲಾಗಿನ್ ಪರದೆಯಲ್ಲಿ ಕೀಲಿಮಣೆ ಕನ್ನಡಕ್ಕೋ ಕಗಪಕ್ಕೋ ತಿರುಗಿಕೊಂಡಿದ್ದರೆ ಪಾಸ್‌ವರ್ಡಿನ ಜಾಗದಲ್ಲಿ ಚುಕ್ಕೆಗಳು ಮೂಡುತ್ತವೆ, ಒಳಗೆ ಹೋಗುವುದು ಮಾತ್ರ ಕನ್ನಡ ಅಕ್ಷರ. ಚುಕ್ಕೆ ನೋಡಿ ಯಾರಿಗೂ ತಿಳಿಯುವುದಿಲ್ಲ. ಪರದೆಯ ಮೇಲಿನ ಪಟ್ಟಿಯಲ್ಲಿ ಕೀಲಿಮಣೆಯ ಗುರುತು ಇರುತ್ತದೆ, ಅದನ್ನು ಇಂಗ್ಲಿಷಿಗೆ ತಿರುಗಿಸಿ ನೋಡಿ. ಈ ಯಂತ್ರದಲ್ಲಿ ಅದು ಸರಿಯಾಗಿಯೇ ಇತ್ತು.

ಮುಂದಿನ ಹೆಜ್ಜೆ ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತುವುದು. ಲ್ಯಾಪ್‌ಟಾಪಾದರೆ ಜೊತೆಗೆ ಎಫ್‌ಎನ್ ಕೀಲಿಯೂ ಬೇಕಾಗಬಹುದು. ಚಿತ್ರಗಳಿಲ್ಲದ ಕಪ್ಪು ಪರದೆ ಬರುತ್ತದೆ, ಇದನ್ನು ಟಿಟಿವೈ ಎನ್ನುತ್ತಾರೆ. ಲಾಗಿನ್ ಹೆಸರು ಹೊಡೆದು ಎಂಟರ್, ಪಾಸ್‌ವರ್ಡ್ ಹೊಡೆದು ಎಂಟರ್. ಪಾಸ್‌ವರ್ಡ್ ಹೊಡೆಯುವಾಗ ಇಲ್ಲಿ ಚುಕ್ಕೆ ಕೂಡ ಮೂಡುವುದಿಲ್ಲ, ಕೀಬೋರ್ಡ್ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಇಲ್ಲಿ ಒಳಗೆ ಬಿಟ್ಟುಕೊಂಡರೆ ಖಾತೆ, ಪಾಸ್‌ವರ್ಡ್ ಎರಡೂ ಸರಿಯಿವೆ ಎಂದಾಯಿತು. ತೊಂದರೆ ಇರುವುದು ಚಿತ್ರಪರದೆಯ ದಾರಿಯಲ್ಲಿ.

ಯಂತ್ರದ ಭಾಷೆಯನ್ನೇ ಕನ್ನಡಕ್ಕೆ ಇಟ್ಟಿದ್ದರೆ ಟಿಟಿವೈಯಲ್ಲಿ ಸಾಲು ಸಾಲು ಚೌಕಗಳು ಕಾಣುತ್ತವೆ. ಈ ಪರದೆಯ ಫಾಂಟಿನಲ್ಲಿ ಹೆಚ್ಚೆಂದರೆ 512 ಆಕೃತಿಗಳಿಗೆ ಜಾಗ, ಒತ್ತಕ್ಷರ ಕೂಡಿಸುವ ಕಲೆ ಅದಕ್ಕೆ ಬರುವುದೇ ಇಲ್ಲ. ಹೀಗಾಗಿ ಒಳಗೆ ಹೋದ ಕೂಡಲೇ ಈ ಸಾಲು ಹೊಡೆದುಕೊಳ್ಳಬೇಕು:

ಎಕ್ಸ್‌ಪೋರ್ಟ್ ಎಲ್‌ಸಿ_ಆಲ್=ಸಿ

ಎಕ್ಸ್‌ಪೋರ್ಟ್ ಮಾತ್ರ ಸಣ್ಣಕ್ಷರ, ಉಳಿದದ್ದೆಲ್ಲ ದೊಡ್ಡಕ್ಷರ. ಅಲ್ಲಿಂದ ಮುಂದೆ ಸಂದೇಶಗಳು ಇಂಗ್ಲಿಷಿನಲ್ಲಿ ಬರುತ್ತವೆ, ಓದಲು ಆಗುತ್ತದೆ. ಕನ್ನಡದಲ್ಲಿ ಯಂತ್ರ ನಡೆಸುವವರು ಟಿಟಿವೈಗೆ ಬಂದು, ಚೌಕ ನೋಡಿ, ಫೈಲೆಲ್ಲ ಕೆಟ್ಟುಹೋಗಿದೆ ಎಂದುಕೊಂಡು ವಾಪಸಾಗುವುದು ಈ ಒಂದು ಸಾಲು ಗೊತ್ತಿಲ್ಲದ್ದರಿಂದ.

ಈಗ ಜಾಗ ನೋಡಬೇಕು. ಬೇರೆ ಯಾವ ಪರೀಕ್ಷೆಗೂ ಮೊದಲು ಇದೇ, ಯಾಕೆಂದರೆ ಐದು ಸೆಕೆಂಡಿನ ಕೆಲಸ.

ಡಿಎಫ್ -ಎಚ್

ಮೂಲ ವಿಭಾಗದ ಸಾಲಿನಲ್ಲಿ ಒಟ್ಟು 109 ಜಿಬಿ, ಬಳಕೆ 106, ಉಳಿದದ್ದು 0, ಶೇಕಡಾ 100. ಈ ಸಾಲನ್ನು ಸ್ವಲ್ಪ ನಿಧಾನವಾಗಿ ಓದಬೇಕು. 109ರಲ್ಲಿ 106 ಹೋದರೆ 3 ಉಳಿಯಬೇಕು, ಇಲ್ಲಿ ಉಳಿದದ್ದು ಸೊನ್ನೆ. ಲಿನಕ್ಸಿನ ಸಾಮಾನ್ಯ ಡಿಸ್ಕ್ ಮಾದರಿಯಾದ ಇಎಕ್ಸ್‌ಟಿ4ನಲ್ಲಿ ವಿಭಾಗ ಮಾಡುವಾಗಲೇ ಶೇಕಡಾ 5ರಷ್ಟು ಜಾಗ ರೂಟ್‌ಗೆಂದು, ಅಂದರೆ ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ಖಾತೆಗೆಂದು, ಮೀಸಲಾಗಿರುತ್ತದೆ, ಇಲ್ಲಿ ಸುಮಾರು ಐದೂವರೆ ಜಿಬಿ. ಸಾಮಾನ್ಯ ಬಳಕೆದಾರನ ಪಾಲಿಗೆ ಡಿಸ್ಕು ಸುಮಾರು 103ಕ್ಕೇ ತುಂಬಿಹೋಯಿತು. ಹಾಗಾದರೆ 106ರವರೆಗೆ ತುಂಬಿಸಿದವರು ಯಾರು? ರೂಟ್ ಅಧಿಕಾರ ಇದ್ದವರು ಮಾತ್ರ. ಅಂದರೆ ಡಿಸ್ಕು ತುಂಬಿದ ಮೇಲೂ ಯಾರೋ ಸುಡೋ (ರೂಟ್ ಅಧಿಕಾರದಲ್ಲಿ ನಡೆಸು ಎಂಬ ಕಮಾಂಡ್) ಹಾಕಿ ಏನೋ ಬರೆದಿದ್ದಾರೆ. ಈ ಮೂರು ಜಿಬಿ ಲೆಕ್ಕ ಮುಂದೆ ಉಪಯೋಗಕ್ಕೆ ಬಂತು.

ಜಾಗವಿಲ್ಲದಿದ್ದರೆ ಲಾಗಿನ್ ಯಾಕೆ ಆಗಬಾರದು? ಪಾಸ್‌ವರ್ಡ್ ಒಪ್ಪಿದ ಮೇಲೆ ಲೈಟ್‌ಡಿಎಂ ಹೋಮ್ ಫೋಲ್ಡರಿನಲ್ಲಿ ಡಾಟ್ ಎಕ್ಸ್‌ಅಥಾರಿಟಿ (ಮೊದಲು ಚುಕ್ಕೆ, ಎಕ್ಸ್ ದೊಡ್ಡಕ್ಷರ) ಎಂಬ ಪುಟ್ಟ ಫೈಲು ಬರೆಯುತ್ತದೆ. ಕೆಲವೇ ಹತ್ತು ಬೈಟುಗಳ ಗುಟ್ಟಿನ ಚೀಟಿ ಅದು. ಈ ಪರದೆಯ ಮೇಲೆ ಕಿಟಕಿ ತೆರೆಯಲು ಇವನಿಗೆ ಹಕ್ಕಿದೆ ಎಂದು ಚಿತ್ರಪರದೆಯನ್ನು ನಡೆಸುವ ಎಕ್ಸ್ ಸರ್ವರ್‌ಗೆ ತೋರಿಸುವುದು ಅದನ್ನೇ. ಚೀಟಿ ಬರೆಯಲು ಒಂದು ಬ್ಲಾಕ್ ಜಾಗವೂ ಇಲ್ಲದಿದ್ದರೆ ಡೆಸ್ಕ್‌ಟಾಪಿನ ಮೊದಲ ಪ್ರೋಗ್ರಾಮಿಗೇ ಬಾಗಿಲು ಮುಚ್ಚುತ್ತದೆ, ಸೆಷನ್ ಮುಗಿಯುತ್ತದೆ. ಟಿಟಿವೈಯಲ್ಲಿ ಲಾಗಿನ್ ಆಗಲು ಇಂಥ ಚೀಟಿ ಬೇಕಿಲ್ಲ, ಅದಕ್ಕೇ ಅಲ್ಲಿ ಸಲೀಸಾಗಿ ಬಿಟ್ಟುಕೊಂಡಿತು.

ತಮಾಷೆ ಏನೆಂದರೆ, ಸೆಷನ್ ಯಾಕೆ ಸತ್ತಿತು ಎಂದು ಬರೆದಿಡಬೇಕಾದ ಡಾಟ್ ಎಕ್ಸ್‌ಸೆಷನ್-ಎರರ್ಸ್ ಫೈಲು ಕೂಡ ಹೋಮ್ ಫೋಲ್ಡರಿನಲ್ಲೇ ಇರುವುದು. ತೆರೆದು ನೋಡಿದರೆ ಸೊನ್ನೆ ಬೈಟ್. ಹೆಸರು ಹುಟ್ಟಿದೆ, ಒಳಗೆ ಬರೆಯಲು ಜಾಗವಿಲ್ಲ. ದೂರು ಬರೆಯುವ ಪುಸ್ತಕದಲ್ಲೇ ಹಾಳೆ ಮುಗಿದಿತ್ತು. ಇಂಥ ಹೊತ್ತಿನಲ್ಲಿ ನೋಡಬೇಕಾದದ್ದು /ವಾರ್/ಲಾಗ್/ಲೈಟ್‌ಡಿಎಂ ಒಳಗಿನ ಲೈಟ್‌ಡಿಎಂ.ಲಾಗ್. ಅದನ್ನು ಬರೆಯುವುದು ರೂಟ್, ಮೀಸಲು ಜಾಗ ಅದಕ್ಕೆ ಸಿಗುತ್ತದೆ. ಸೆಷನ್ ಶುರುವಾದ ಸಾಲು, ಎರಡು ಸೆಕೆಂಡಿನೊಳಗೆ ಮುಗಿದ ಸಾಲು, ಎರಡೂ ಅಲ್ಲಿದ್ದವು.

ಡಿಎಫ್‌ನಲ್ಲಿ ಜಾಗ ಇದ್ದೂ ಬರೆಯಲಾಗುವುದಿಲ್ಲ ಎಂದು ಬಂದರೆ ಡಿಎಫ್ -ಐ ಹೊಡೆದು ಐನೋಡ್ (ಪ್ರತಿ ಫೈಲಿಗೂ ಒಂದು ಬೇಕಾಗುವ ದಾಖಲೆ) ಮುಗಿದಿದೆಯೇ ನೋಡಿ. ಲಕ್ಷಗಟ್ಟಲೆ ಸಣ್ಣ ಫೈಲು ಮಾಡುವ ಪ್ರೋಗ್ರಾಮುಗಳಿದ್ದರೆ ಹಾಗಾಗುತ್ತದೆ. ನಮ್ಮಲ್ಲಿ ಅದಿರಲಿಲ್ಲ.

ಜಾಗ ತಿಂದವರು ಯಾರು ಎಂದು ಹುಡುಕಲು:

ಸುಡೋ ಡಿಯು -ಎಎಕ್ಸ್‌ಎಚ್ --ಮ್ಯಾಕ್ಸ್-ಡೆಪ್ತ್=1 / | ಸಾರ್ಟ್ -ಎಚ್

ಇದರಲ್ಲಿ ಎಕ್ಸ್ ಬಿಡಬೇಡಿ. ಅದಿಲ್ಲದಿದ್ದರೆ ಸಿಕ್ಕಿಸಿರುವ ಪೆನ್‌ಡ್ರೈವು, ಹೊರಗಿನ ಹಾರ್ಡ್‌ಡಿಸ್ಕು ಎಲ್ಲವನ್ನೂ ಎಣಿಸಿಕೊಂಡು ಬರುತ್ತದೆ. ಲೆಕ್ಕ ಬಂತು: ವಾರ್ 47, ಹೋಮ್ 44, ಯುಎಸ್‌ಆರ್ 11, ಸ್ವಾಪ್ ಫೈಲು 2, ಚಿಲ್ಲರೆ 2. ಹೋಮ್‌ನಲ್ಲಿ ಸ್ಕ್ಯಾನ್ ಮಾಡಿದ ಪುಟಗಳು, ಅದು ಸಹಜ. ವಾರ್‌ಗೆ 47 ಜಿಬಿ ಸಹಜವಲ್ಲ. ಓರೆಗೆರೆಯ ಜಾಗದಲ್ಲಿ /ವಾರ್ ಎಂದು, ಆಮೇಲೆ /ವಾರ್/ಲಾಗ್ ಎಂದು ಹಾಕಿ ಒಂದೊಂದೇ ಮೆಟ್ಟಿಲು ಇಳಿದಾಗ ಸಿಕ್ಕಿದ್ದು ಎರಡು ಫೈಲು: ಸಿಸ್‌ಲಾಗ್ 22 ಜಿಬಿ, ಕರ್ನ್.ಲಾಗ್ 21 ಜಿಬಿ.

ಅಳಿಸುವ ಮೊದಲು ಒಳಗೇನಿದೆ ನೋಡಲೇಬೇಕು, ಇಲ್ಲದಿದ್ದರೆ ಕೆಲವೇ ದಿನಗಳಲ್ಲಿ ಮತ್ತೆ ತುಂಬಿಕೊಂಡು ಕೂರುತ್ತದೆ. 22 ಜಿಬಿ ಫೈಲನ್ನು ಎಡಿಟರಿನಲ್ಲಿ ತೆರೆಯಲು ಹೋಗಬೇಡಿ. ಸುಡೋ ಟೇಲ್ -ಎನ್ 20 ಹಾಕಿ ಕೊನೆಯ ಇಪ್ಪತ್ತು ಸಾಲು ನೋಡಿದರೆ ಸಾಕು. ಒಂದೇ ಗೋಳು ಮತ್ತೆ ಮತ್ತೆ: ಪಿಸಿಐಇ ಬಸ್ ಎರರ್, ಸಿವಿಯಾರಿಟಿ ಕರೆಕ್ಟೆಡ್, ಟೈಪ್ ಫಿಸಿಕಲ್ ಲೇಯರ್. ಮದರ್‌ಬೋರ್ಡಿಗೂ ಕಾರ್ಡುಗಳಿಗೂ ನಡುವಿನ ಒಂದು ಪಿಸಿಐಇ ಹಾದಿಯಲ್ಲಿ ಸಂಕೇತ ತಪ್ಪುತ್ತಿದೆ, ಹಾರ್ಡ್‌ವೇರ್ ತಾನೇ ತಿದ್ದಿಕೊಳ್ಳುತ್ತಿದೆ, ತಿದ್ದಿದ ಪ್ರತಿ ಸಲವೂ ಲಿನಕ್ಸಿನ ತಿರುಳಾದ ಕರ್ನಲ್ ನಾಲ್ಕೈದು ಸಾಲು ಬರೆಯುತ್ತಿದೆ. ಕರ್ನಲ್ ಬರೆದದ್ದು ಸಿಸ್‌ಲಾಗ್‌ಗೂ ಹೋಗುತ್ತದೆ, ಕರ್ನ್.ಲಾಗ್‌ಗೂ ಹೋಗುತ್ತದೆ. ಎರಡರ ಗಾತ್ರ ಹೆಚ್ಚುಕಡಿಮೆ ಒಂದೇ ಇದ್ದದ್ದು ಅದಕ್ಕೇ. ಎಲ್‌ಎಸ್‌ಪಿಸಿಐ -ಟಿವಿ ಹೊಡೆದು ಆ ಹಾದಿಯ ತುದಿಯಲ್ಲಿ ಏನಿದೆ ನೋಡಿದರೆ ವೈಫೈ ಕಾರ್ಡು.

ಇನ್ನು ಖಾಲಿ ಮಾಡುವುದು. ಇಲ್ಲಿ ತುಂಬ ಜನ ಎಡವುತ್ತಾರೆ. ಆರ್‌ಎಂ ಹಾಕಿ ಸಿಸ್‌ಲಾಗ್ ಅಳಿಸಿದರೆ ಹೆಸರು ಮಾಯವಾಗುತ್ತದೆ, ಜಾಗ ಮಾತ್ರ ವಾಪಸ್ ಬರುವುದಿಲ್ಲ. ಲಾಗ್ ಬರೆಯುವ ಆರ್‌ಸಿಸ್‌ಲಾಗ್ ಆ ಫೈಲನ್ನು ತೆರೆದು ಹಿಡಿದುಕೊಂಡಿರುತ್ತದೆ, ಅದು ಕೈಬಿಡುವವರೆಗೆ ಡಿಸ್ಕಿನಲ್ಲಿ ಬ್ಲಾಕುಗಳು ಹಾಗೇ ಇರುತ್ತವೆ. ಡಿಯು ಕಡಿಮೆ ತೋರಿಸುತ್ತದೆ, ಡಿಎಫ್ 100 ಎಂದೇ ಹಟ ಹಿಡಿಯುತ್ತದೆ. ಹಾಗೆ ಅಳಿಸಿ ಸಿಕ್ಕಿಕೊಂಡವರು ಸುಡೋ ಎಲ್‌ಎಸ್‌ಓಎಫ್ +ಎಲ್1 ಹೊಡೆದರೆ, ಎಲ್ ದೊಡ್ಡಕ್ಷರ, ಅಳಿಸಿದ್ದರೂ ಹಿಡಿದುಕೊಂಡಿರುವವರ ಪಟ್ಟಿ ಬರುತ್ತದೆ. ಆ ಸೇವೆಯನ್ನು ರೀಸ್ಟಾರ್ಟ್ ಮಾಡಿದರೆ ಜಾಗ ಬಿಡುತ್ತದೆ. ಮೊದಲೇ ಸರಿಯಾಗಿ ಮಾಡುವ ವಿಧಾನ ಫೈಲನ್ನು ಅಳಿಸದೆ ಸೊನ್ನೆಗೆ ಕತ್ತರಿಸುವುದು:

ಸುಡೋ ಟ್ರಂಕೇಟ್ -ಎಸ್ 0 /ವಾರ್/ಲಾಗ್/ಸಿಸ್‌ಲಾಗ್

ಕರ್ನ್.ಲಾಗ್‌ಗೂ ಹೀಗೇ. ಡಿಎಫ್ ಈಗ ಬಳಕೆ 63, ಉಳಿದದ್ದು 40 ಎಂದಿತು. ಇಷ್ಟಕ್ಕೂ ಜಾಗ ಸಾಲದಿದ್ದರೆ ಸುಡೋ ಆಪ್ಟ್ ಕ್ಲೀನ್ ಹಾಕಿದರೆ ಹಿಂದೆ ಡೌನ್‌ಲೋಡ್ ಆಗಿ ಉಳಿದ ಪ್ಯಾಕೇಜ್ ಫೈಲುಗಳು ಹೋಗುತ್ತವೆ; ಸುಡೋ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ ಹಾಕಿದರೆ, ಕೊನೆಯ ಎಂ ದೊಡ್ಡಕ್ಷರ, ಜರ್ನಲ್ 200 ಎಂಬಿಗೆ ಇಳಿಯುತ್ತದೆ. ಕಸದ ಬುಟ್ಟಿಯನ್ನೂ ಮರೆಯಬಾರದು. ಚಿತ್ರಪರದೆಯಲ್ಲಿ ಅಳಿಸಿದ ಫೈಲುಗಳೆಲ್ಲ ಹೋಮ್ ಒಳಗಿನ ಡಾಟ್ ಲೋಕಲ್/ಶೇರ್/ಟ್ರ್ಯಾಶ್‌ನಲ್ಲಿ ಕೂತಿರುತ್ತವೆ, ಟ್ರ್ಯಾಶ್‌ನ ಮೊದಲ ಟಿ ದೊಡ್ಡಕ್ಷರ.

ಸುಡೋ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಲೈಟ್‌ಡಿಎಂ ಹೊಡೆದು ಲಾಗಿನ್ ಪರದೆಗೆ ಬಂದು ಪಾಸ್‌ವರ್ಡ್ ಕೊಟ್ಟರೆ, ಕಪ್ಪು ಪರದೆ ಎರಡು ಸೆಕೆಂಡು, ಮತ್ತೆ ಲಾಗಿನ್.

ಕಾಯಿಲೆಯ ಒಂದು ಕಾರಣ ಸಿಕ್ಕಿತೆಂದು ಹುಡುಕಾಟ ನಿಲ್ಲಿಸಿದವರು ಇಲ್ಲಿ ಪೆನ್‌ಡ್ರೈವ್ ಹಾಕಿ ಹೊಸದಾಗಿ ಇನ್‌ಸ್ಟಾಲ್ ಮಾಡಲು ಹೊರಡುತ್ತಾರೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. 106ರ ಲೆಕ್ಕ ಇನ್ನೂ ತೀರಿರಲಿಲ್ಲ. ಆರ್‌ಸಿಸ್‌ಲಾಗ್ ಇಲ್ಲಿ ರೂಟ್ ಆಗಿ ಓಡುವುದಿಲ್ಲ, ಸಿಸ್‌ಲಾಗ್ ಎಂಬ ಸ್ವಂತ ಬಳಕೆದಾರನ ಹೆಸರಿನಲ್ಲಿ ಓಡುತ್ತದೆ. ಅದು ಎಷ್ಟು ಬರೆದರೂ 103ರ ಗೆರೆ ದಾಟುವಂತಿಲ್ಲ. ಮೇಲಿನ ಮೂರು ಜಿಬಿ ಬೇರೆಯವರದು. ಟಿಟಿವೈಗೆ ಮರಳಿ ಹೋಮ್ ಫೋಲ್ಡರಿನ ಪಟ್ಟಿ ತೆಗೆದಾಗ ಸಿಕ್ಕಿತು:

ಎಲ್‌ಎಸ್ -ಎಲ್‌ಎ

ಇದರಲ್ಲಿ ಚುಕ್ಕೆಯಿಂದ ಶುರುವಾಗುವ ಅಡಗಿದ ಫೈಲುಗಳೂ ಕಾಣುತ್ತವೆ. ಡಾಟ್ ಎಕ್ಸ್‌ಅಥಾರಿಟಿಯ ಸಾಲಿನಲ್ಲಿ ಒಡೆಯ ರೂಟ್, ಗುಂಪು ರೂಟ್. ಈ ಫೈಲು ಬಳಕೆದಾರನದೇ ಆಗಿರಬೇಕು. ಅಷ್ಟೇ ಅಲ್ಲ, ಎಡತುದಿಯ ಅನುಮತಿಗಳನ್ನು ನೋಡಿ. ಸರಿಯಾದ ಎಕ್ಸ್‌ಅಥಾರಿಟಿಯಲ್ಲಿ ಒಡೆಯನಿಗೆ ಓದು-ಬರಹ ಮಾತ್ರ, ಉಳಿದವರಿಗೆ ಏನೂ ಇಲ್ಲ, ಅಂದರೆ 600. ಇಲ್ಲಿದ್ದದ್ದು 755: ಎಲ್ಲರಿಗೂ ಓದಲು ಬಿಟ್ಟಿದೆ, ಮೇಲೆ ಎಕ್ಸ್ ಅಕ್ಷರವೂ ಇದೆ, ಓಡಿಸಬಹುದಾದ ಪ್ರೋಗ್ರಾಮ್ ಎಂಬಂತೆ. ಗುಟ್ಟಿನ ಚೀಟಿಯನ್ನು ಪ್ರೋಗ್ರಾಮ್ ಮಾಡಿ ಇಡುವವರು ಯಾರೂ ಇಲ್ಲ. ಇದು ಎನ್‌ಟಿಎಫ್‌ಎಸ್ ಡಿಸ್ಕಿಗೆ ಹೋಗಿ ಬಂದ ಫೈಲಿನ ಮೈಮೇಲಿನ ಮಚ್ಚೆ. ವಿಂಡೋಸಿಗೆಂದು ಫಾರ್ಮ್ಯಾಟ್ ಮಾಡಿದ ಹೊರಗಿನ ಹಾರ್ಡ್‌ಡಿಸ್ಕನ್ನು ಲಿನಕ್ಸ್‌ಗೆ ಸಿಕ್ಕಿಸಿದಾಗ ಅದರಲ್ಲಿರುವ ಎಲ್ಲ ಫೈಲೂ 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ, ಎಂದು ಕಾಣುತ್ತದೆ. ಅಲ್ಲಿಂದ ಸುಡೋ ಸಿಪಿ -ಆರ್ ಹಾಕಿ ನಕಲು ಮಾಡಿದರೆ ಹೊಸ ಫೈಲಿನ ಒಡೆಯ ರೂಟ್, ಅನುಮತಿ 755.

ಕಥೆ ಈಗ ತಾನಾಗಿ ಕೂಡಿಕೊಂಡಿತು. ಡಿಸ್ಕು ತುಂಬಿ ಲಾಗಿನ್ ಆಗದಿದ್ದಾಗ ಯಾರೋ ಜಾಗ ಮಾಡಲೆಂದು ಹೋಮ್‌ನ ಅಡಗಿದ ಫೈಲು-ಫೋಲ್ಡರುಗಳನ್ನು ಹೊರಗಿನ ಡಿಸ್ಕಿಗೆ ಸಾಗಿಸಿದ್ದಾರೆ. ಆ ಜಾಗವನ್ನೂ ಲಾಗ್ ತಿಂದುಹಾಕಿದೆ. ಉಪಯೋಗವಾಗಲಿಲ್ಲವೆಂದು ವಾಪಸ್ ತರಲು ಹೊರಟಾಗ ಜಾಗವಿಲ್ಲ ಎಂಬ ಸಂದೇಶ ಬಂದಿದೆ, ಸುಡೋ ಹಾಕಿ ನೋಡಿದ್ದಾರೆ, ಮೀಸಲು ಜಾಗ ಸಿಕ್ಕಿ ನಕಲು ಸರಾಗವಾಗಿ ಆಗಿದೆ. ಸುಡೋ ಹಾಕಿದರೆ ಆಗುತ್ತದೆ ಎಂಬುದೇ ಇಲ್ಲಿ ಮೋಸ.

ಡಾಟ್ ಎಕ್ಸ್‌ಅಥಾರಿಟಿಯನ್ನು ಅಳಿಸಿ, ಅದೇ ಹೊಸದಾಗಿ ಹುಟ್ಟುತ್ತದೆ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಸುಳ್ಳಲ್ಲ. ಹೋಮ್ ಫೋಲ್ಡರ್ ಬಳಕೆದಾರನದೇ ಆಗಿದ್ದರೆ ಅಳಿಸಿದ ಮೇಲೆ ಲಾಗಿನ್ ಆಗಿಯೂ ಬಿಡುತ್ತದೆ. ಆದರೆ ಇಲ್ಲಿ ಅಷ್ಟಕ್ಕೆ ನಿಲ್ಲಿಸಿದ್ದರೆ ಡಾಟ್ ಕಾನ್ಫಿಗ್, ಡಾಟ್ ಕ್ಯಾಶ್, ಡಾಟ್ ಲೋಕಲ್ ಎಲ್ಲ ರೂಟ್ ಹೆಸರಿನಲ್ಲೇ ಉಳಿದು, ಡೆಸ್ಕ್‌ಟಾಪ್ ಬಂದರೂ ಯಾವ ಸೆಟ್ಟಿಂಗೂ ಉಳಿಯುತ್ತಿರಲಿಲ್ಲ, ಬ್ರೌಸರ್ ಪ್ರೊಫೈಲ್ ತೆರೆಯುತ್ತಿರಲಿಲ್ಲ. ಅದಕ್ಕೇ ಮೊದಲು ಎಣಿಕೆ. ಬಳಕೆದಾರನ ಹೆಸರು ಆಫೀಸ್ ಎಂದಿಟ್ಟುಕೊಂಡರೆ:

ಸುಡೋ ಫೈಂಡ್ /ಹೋಮ್/ಆಫೀಸ್ ! -ಯೂಸರ್ ಆಫೀಸ್ | ಡಬ್ಲ್ಯೂಸಿ -ಎಲ್

ಆಫೀಸ್‌ಗೆ ಸೇರದ ಫೈಲು ಎಷ್ಟಿವೆ ಎಂದು ಹೇಳುತ್ತದೆ. ಆಶ್ಚರ್ಯಸೂಚಕದ ಎರಡೂ ಬದಿ ಖಾಲಿ ಜಾಗ ಇರಲೇಬೇಕು. ಸೊನ್ನೆ ಬರಬೇಕಾದ ಕಡೆ ಸಾವಿರಗಟ್ಟಲೆ ಬಂತು. ಒಡೆತನ ಮರಳಿಸಲು:

ಸುಡೋ ಚೌನ್ -ಆರ್ ಆಫೀಸ್:ಆಫೀಸ್ /ಹೋಮ್/ಆಫೀಸ್

ಚೌನ್ ಎಂದರೆ ಸಿ, ಎಚ್, ಓ, ಡಬ್ಲ್ಯೂ, ಎನ್; ಅಡ್ಡಗೆರೆಯ ನಂತರದ ಆರ್ ಮಾತ್ರ ದೊಡ್ಡಕ್ಷರ. ಎಂಟರ್ ಒತ್ತುವ ಮೊದಲು ಕೊನೆಯ ಭಾಗವನ್ನು ಎರಡು ಸಲ ಓದಿ. ಓರೆಗೆರೆಯ ನಂತರ ಕೈತಪ್ಪಿ ಖಾಲಿ ಜಾಗ ಬಿದ್ದು / ಹೋಮ್/ಆಫೀಸ್ ಎಂದಾದರೆ ಇಡೀ ವ್ಯವಸ್ಥೆಯ ಒಡೆತನ ಆಫೀಸ್‌ಗೆ ಹೋಗುತ್ತದೆ, ಸುಡೋ ಕೂಡ ಕೆಲಸ ಮಾಡುವುದು ನಿಲ್ಲಿಸುತ್ತದೆ, ಆಗ ನಿಜವಾಗಿಯೂ ಹೊಸ ಇನ್‌ಸ್ಟಾಲೇ ಗತಿ. ಇದಕ್ಕೆ ಬದಲು ಸಿಎಚ್‌ಮಾಡ್ -ಆರ್ 777 ಹಾಕಿ ಎಂದು ಹೇಳುವವರೂ ಇದ್ದಾರೆ. ಬೇಡ. ಒಡೆಯ ತಪ್ಪಾಗಿದ್ದರೆ ಒಡೆಯನನ್ನು ಸರಿಮಾಡಬೇಕು. ಬಾಗಿಲನ್ನೆಲ್ಲ ತೆರೆದಿಟ್ಟರೆ ದೂರದ ಯಂತ್ರಕ್ಕೆ ಲಾಗಿನ್ ಮಾಡಿಸುವ ಎಸ್‌ಎಸ್‌ಎಚ್ ತನ್ನ ಕೀಲಿಗಳನ್ನು ಮುಟ್ಟಲು ಒಪ್ಪುವುದಿಲ್ಲ. ಇಲ್ಲಿ ಎನ್‌ಟಿಎಫ್‌ಎಸ್ ಪ್ರವಾಸದಿಂದ ಕೆಟ್ಟ ಅನುಮತಿಗಳಲ್ಲಿ ಕೈಯಿಂದ ತಿದ್ದಿದ್ದು ಡಾಟ್ ಎಸ್‌ಎಸ್‌ಎಚ್ ಫೋಲ್ಡರಿಗೆ 700, ಒಳಗಿನ ಖಾಸಗಿ ಕೀಲಿಗೆ 600, ಎಕ್ಸ್‌ಅಥಾರಿಟಿಗೆ 600. ಉಳಿದ ಫೈಲುಗಳಲ್ಲಿ ಎಕ್ಸ್ ಅಕ್ಷರ ಹೆಚ್ಚಾಗಿದ್ದರೆ ನೋಡಲು ಚೆಂದವಿಲ್ಲ, ಲಾಗಿನ್‌ಗೇನೂ ಅಡ್ಡಿಯಿಲ್ಲ.

ಜೊತೆಗೇ ಎಲ್‌ಎಸ್ -ಎಲ್‌ಡಿ /ಟಿಎಂಪಿ ಹೊಡೆದು ಅನುಮತಿಯ ಕೊನೆಯಲ್ಲಿ ಟಿ ಅಕ್ಷರ ಇದೆಯೇ ನೋಡಿದ್ದಾಯಿತು. ಎಲ್ಲರೂ ಬರೆಯಬಹುದು, ಆದರೆ ಒಬ್ಬರದನ್ನು ಇನ್ನೊಬ್ಬರು ಅಳಿಸುವಂತಿಲ್ಲ ಎಂಬ ಗುರುತು ಅದು, ಅಂಕಿಯಲ್ಲಿ 1777. ಯಾರಾದರೂ ಟಿಎಂಪಿ ಫೋಲ್ಡರನ್ನು ಅಳಿಸಿ ಮತ್ತೆ ಮಾಡಿದ್ದರೆ ಇದು 755 ಆಗಿ, ಬಳಕೆದಾರ ಬರೆಯಲಾಗದೆ ಅಲ್ಲೂ ಇದೇ ಲೂಪು. ಸುಡೋ ಸಿಎಚ್‌ಮಾಡ್ 1777 /ಟಿಎಂಪಿ ಅದರ ಮದ್ದು.

ಲೈಟ್‌ಡಿಎಂ ಮತ್ತೆ ರೀಸ್ಟಾರ್ಟ್, ಪಾಸ್‌ವರ್ಡ್, ಡೆಸ್ಕ್‌ಟಾಪ್ ಬಂತು.

ಉಳಿದದ್ದು ಲಾಗ್ ತುಂಬಿಸುತ್ತಿದ್ದ ವೈಫೈ ಕಾರ್ಡು. ಪವರ್ ತೆಗೆದು ಕಾರ್ಡನ್ನು ಕಳಚಿ, ಚಿನ್ನದ ಬಣ್ಣದ ಸಂಪರ್ಕಗಳನ್ನು ಒರೆಸಿ ಮತ್ತೆ ಒತ್ತಿ ಕೂರಿಸಿದರೂ ಸಂದೇಶ ನಿಲ್ಲಲಿಲ್ಲ. ಇಂಥ ತಿದ್ದಿಕೊಂಡ ತಪ್ಪುಗಳು ಎಷ್ಟೋ ಸಲ ಪಿಸಿಐಇ ಹಾದಿ ವಿದ್ಯುತ್ ಉಳಿಸಲೆಂದು ಮಲಗಿ ಏಳುವಾಗ ಆಗುತ್ತವೆ. ಹಾಗಾಗಿ /ಇಟಿಸಿ/ಡೀಫಾಲ್ಟ್/ಗ್ರಬ್ ಫೈಲಿನಲ್ಲಿ ಕ್ವಯಟ್ ಸ್ಪ್ಲಾಶ್ ಎಂದಿರುವ ಸಾಲಿನ ಉದ್ಧರಣ ಚಿಹ್ನೆಯ ಒಳಗೇ, ಒಂದು ಖಾಲಿ ಜಾಗ ಬಿಟ್ಟು, ಪಿಸಿಐಇ_ಎಎಸ್‌ಪಿಎಂ=ಆಫ್ ಎಂದು ಸೇರಿಸಿ, ಸುಡೋ ಅಪ್‌ಡೇಟ್-ಗ್ರಬ್ ಹೊಡೆದು ರೀಬೂಟ್. ಸಂದೇಶ ನಿಂತಿತು. ಲ್ಯಾಪ್‌ಟಾಪಿನಲ್ಲಿ ಹೀಗೆ ಮಾಡಿದರೆ ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ. ಪಿಸಿಐ=ನೋಎಇಆರ್ ಎಂಬ ಇನ್ನೊಂದು ಆಯ್ಕೆಯೂ ಇದೆ. ಅದು ತಪ್ಪನ್ನು ನಿಲ್ಲಿಸುವುದಿಲ್ಲ, ವರದಿಯನ್ನು ನಿಲ್ಲಿಸುತ್ತದೆ. ಕರೆಕ್ಟೆಡ್ ಎಂದಿರುವವರೆಗೆ ನಡೆದೀತು, ಅನ್‌ಕರೆಕ್ಟೆಡ್ ಎಂದು ಬರಲು ಶುರುವಾದರೆ ಬಾಯಿ ಮುಚ್ಚಿಸಬಾರದು, ಕಾರ್ಡು ಬದಲಿಸಬೇಕು. ಲಾಗ್‌ಗಳನ್ನು ಸುತ್ತಿಡುವ ಲಾಗ್‌ರೊಟೇಟ್ ದಿನ-ವಾರದ ಲೆಕ್ಕದಲ್ಲಿ ನಡೆಯುತ್ತದೆ, ಗಾತ್ರ ನೋಡುವುದಿಲ್ಲ. /ಇಟಿಸಿ/ಲಾಗ್‌ರೊಟೇಟ್.ಡಿ/ಆರ್‌ಸಿಸ್‌ಲಾಗ್ ಫೈಲಿನ ಪುಷ್ಪಾವರಣದೊಳಗೆ ಮ್ಯಾಕ್ಸ್‌ಸೈಜ್ 500ಎಂ ಎಂದು ಒಂದು ಸಾಲು ಸೇರಿಸಿದ್ದೇವೆ, ಎಂ ದೊಡ್ಡಕ್ಷರ. ಅದು ಓಡುವುದು ದಿನಕ್ಕೊಂದು ಸಲವಾದ್ದರಿಂದ ಒಂದೇ ದಿನದಲ್ಲಿ ಹತ್ತಾರು ಜಿಬಿ ಬಂದರೆ ಇದೂ ತಡೆಯಲಾರದು.

ಬೇರೆ ಯಂತ್ರಗಳಲ್ಲಿ ಜಾಗವೂ ಇದೆ, ಒಡೆತನವೂ ಸರಿಯಿದೆ, ಆದರೂ ಲೂಪು ಎಂದಾಗ ದಾರಿಯನ್ನು ಎರಡು ಭಾಗ ಮಾಡಿಕೊಳ್ಳಬೇಕು. ಟಿಟಿವೈಯಲ್ಲಿ ಸುಡೋ ಆಡ್‌ಯೂಸರ್ ಪರೀಕ್ಷೆ ಎಂದು ಹೊಸ ಖಾತೆ ಮಾಡಿ, ಹೆಸರು ಇಂಗ್ಲಿಷ್ ಸಣ್ಣಕ್ಷರದಲ್ಲಿರಲಿ, ಅದರಿಂದ ಚಿತ್ರಪರದೆಗೆ ಲಾಗಿನ್ ಮಾಡಿ. ಹೊಸ ಖಾತೆ ಒಳಗೆ ಹೋದರೆ ತಪ್ಪು ಹಳೆಯ ಖಾತೆಯ ಹೋಮ್ ಫೋಲ್ಡರಿನಲ್ಲಿದೆ. ಅದೂ ಹೊರಗೆ ಬಂದರೆ ಇಡೀ ವ್ಯವಸ್ಥೆಯಲ್ಲಿ.

ಹೋಮ್‌ನಲ್ಲಿದ್ದರೆ ಮೊದಲ ಅನುಮಾನ ಡಾಟ್ ಪ್ರೊಫೈಲ್ ಫೈಲು. ಲಾಗಿನ್ ಆಗುವಾಗ ಚಿತ್ರಪರದೆಯೂ ಅದನ್ನು ಓದುತ್ತದೆ. ಝಡ್-ಶೆಲ್ (ಕಮಾಂಡ್ ಓದಿ ನಡೆಸುವ ಶೆಲ್‌ಗಳಲ್ಲಿ ಒಂದು) ಹಾಕಿಕೊಂಡ ಉತ್ಸಾಹದಲ್ಲಿ ಅದರೊಳಗೆ ಎಕ್ಸೆಕ್ ಝಡ್‌ಎಸ್‌ಎಚ್ ಎಂದು ಬರೆದಿದ್ದರೆ, ಇಲ್ಲವೇ ಎಲ್ಲೋ ಎಕ್ಸಿಟ್ ಎಂಬ ಪದ ಉಳಿದಿದ್ದರೆ, ಡೆಸ್ಕ್‌ಟಾಪ್ ಶುರುವಾಗುವ ಮೊದಲೇ ಅದನ್ನು ತೆರೆಯಬೇಕಾದ ಸ್ಕ್ರಿಪ್ಟೇ ಮುಗಿದುಹೋಗುತ್ತದೆ. ಎಂವಿ ಹಾಕಿ ಆ ಫೈಲಿನ ಹೆಸರು ಬದಲಿಸಿ ಲಾಗಿನ್ ಮಾಡಿ ನೋಡಿದರೆ ಒಂದೇ ನಿಮಿಷದಲ್ಲಿ ತಿಳಿಯುತ್ತದೆ. ಡಾಟ್ ಕಾನ್ಫಿಗ್ ಫೋಲ್ಡರಿಗೂ ಇದೇ ಪರೀಕ್ಷೆ. ಅಳಿಸುವುದು ಬೇಡ, ಹೆಸರು ಬದಲಿಸಿದರೆ ಸಾಕು.

ವ್ಯವಸ್ಥೆಯದ್ದಾದರೆ /ಇಟಿಸಿ/ಎನ್ವಿರಾನ್ಮೆಂಟ್ ನೋಡಿ. ಜಾವಾ ಹಾಕುವಾಗ, ಕಮಾಂಡ್‌ಗಳನ್ನು ಎಲ್ಲಿ ಹುಡುಕಬೇಕೆಂದು ಹೇಳುವ ಪಾತ್ ಸಾಲನ್ನು ತಿದ್ದುವ ಜಾಗ ಇದು. ಈ ಫೈಲನ್ನು ಓದುವುದು ಶೆಲ್ ಅಲ್ಲ, ಹಾಗಾಗಿ ಡಾಲರ್ ಗುರುತು ಹಾಕಿ ಹಳೆಯ ಪಾತ್ ಸೇರಿಸು ಎಂದು ಬರೆದರೆ ಅದಕ್ಕೆ ಅರ್ಥವಾಗುವುದಿಲ್ಲ, ಆ ಪದವನ್ನೇ ಹಾಗೇ ವಿಳಾಸವೆಂದು ಹಿಡಿಯುತ್ತದೆ. ಆಮೇಲೆ ಯಾವ ಕಮಾಂಡೂ ಸಿಗುವುದಿಲ್ಲ. ಟಿಟಿವೈಯಲ್ಲಿ ಎಲ್‌ಎಸ್ ಹೊಡೆದರೂ ಸಿಗಲಿಲ್ಲ ಎಂದರೆ ಇದೇ ಎಂದು ಕಣ್ಣುಮುಚ್ಚಿ ಹೇಳಬಹುದು. /ಯುಎಸ್‌ಆರ್/ಬಿನ್/ಸುಡೋ /ಯುಎಸ್‌ಆರ್/ಬಿನ್/ನ್ಯಾನೋ ಎಂದು ಪೂರ್ತಿ ವಿಳಾಸ ಕೊಟ್ಟು ಫೈಲು ತೆರೆದು ತಿದ್ದಬೇಕು.

ಉಬುಂಟು 17.10ರಿಂದ ಈಚೆಗೆ ಲಾಗಿನ್ ಪರದೆ ಲೈಟ್‌ಡಿಎಂ ಅಲ್ಲ, ಜಿಡಿಎಂ. ಅಲ್ಲಿ ಗುಟ್ಟಿನ ಚೀಟಿ ಹೋಮ್‌ನಲ್ಲಿ ಇರುವುದೇ ಇಲ್ಲ, /ರನ್/ಯೂಸರ್ ಅಡಿಯಲ್ಲಿರುತ್ತದೆ. ಅಲ್ಲಿ ಎಕ್ಸ್‌ಅಥಾರಿಟಿ ಅಳಿಸಿ ಎಂಬ ಹಳೆಯ ಸಲಹೆ ನೀರಿನಲ್ಲಿ ಹೋಮ. ಲಾಗಿನ್ ಪರದೆಯಲ್ಲಿ ಹೆಸರು ಆರಿಸಿದ ಮೇಲೆ ಕೆಳಗಿನ ಮೂಲೆಯಲ್ಲಿ ಬರುವ ಹಲ್ಲಿನ ಚಕ್ರ ಒತ್ತಿ, ಪರದೆ ನಡೆಸುವ ಎರಡು ವ್ಯವಸ್ಥೆಗಳಾದ ವೇಲ್ಯಾಂಡ್, ಎಕ್ಸಾರ್ಗ್ ಎರಡೂ ಪಟ್ಟಿಯಲ್ಲಿದ್ದರೆ ಅದಲು ಬದಲು ಮಾಡಿ ನೋಡುವುದು ಮೊದಲ ಪರೀಕ್ಷೆ. ಒಂದರಲ್ಲಿ ಒಳಗೆ ಹೋಗಿ ಇನ್ನೊಂದರಲ್ಲಿ ಆಗದಿದ್ದರೆ ಗ್ರಾಫಿಕ್ಸ್ ಡ್ರೈವರ್ ಕಡೆ ತಿರುಗಿ. ಕರ್ನಲ್ ಅಪ್‌ಡೇಟ್ ಆದ ಮರುದಿನ ಶುರುವಾದ ಲೂಪಾದರೆ ಬೂಟ್ ಆಗುವಾಗ ಶಿಫ್ಟ್ ಅಥವಾ ಎಸ್ಕೇಪ್ ಒತ್ತಿ ಬೂಟ್ ಪಟ್ಟಿಯಾದ ಗ್ರಬ್ ತಂದು, ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಿಂದಿನ ಕರ್ನಲ್ ಆರಿಸಿ. ಅದರಲ್ಲಿ ಸರಿಹೋದರೆ ಹೊಸ ಕರ್ನಲ್‌ಗೆ ಡ್ರೈವರ್ ಕಟ್ಟಿಕೊಂಡಿಲ್ಲ ಎಂದರ್ಥ. ಎನ್‌ವಿಡಿಯಾ ಕಾರ್ಡಿದ್ದರೆ ಎನ್‌ವಿಡಿಯಾ-ಎಸ್‌ಎಂಐ ಹೊಡೆದು ನೋಡಿ. ಡ್ರೈವರ್ ಮತ್ತು ಲೈಬ್ರರಿ ಆವೃತ್ತಿ ಹೊಂದುತ್ತಿಲ್ಲ ಎಂದರೆ ಬರೀ ರೀಬೂಟ್ ಸಾಕಾಗುತ್ತದೆ. ಉಬುಂಟುವಿನ ಡೆಸ್ಕ್‌ಟಾಪ್ ಆದ ಜಿನೋಮ್‌ನ ಎಕ್ಸ್‌ಟೆನ್ಷನ್ ಮೇಲೆ ಅನುಮಾನವಿದ್ದರೆ ಡಾಟ್ ಲೋಕಲ್/ಶೇರ್/ಜಿನೋಮ್-ಶೆಲ್ ಒಳಗಿನ ಎಕ್ಸ್‌ಟೆನ್ಷನ್ಸ್ ಫೋಲ್ಡರಿನ ಹೆಸರು ಬದಲಿಸಿ ನೋಡಬಹುದು.

ಟಿಟಿವೈಯೇ ಒಳಗೆ ಬಿಟ್ಟುಕೊಳ್ಳದೆ ಮತ್ತೆ ಲಾಗಿನ್ ಕೇಳಿದರೆ ಅದು ಬೇರೆ ಜಾತಿ. ಸಾಮಾನ್ಯವಾಗಿ ಖಾತೆಯ ಶೆಲ್ ಇಲ್ಲದ ಪ್ರೋಗ್ರಾಮಿನ ಕಡೆ ತಿರುಗಿರುತ್ತದೆ, ಝಡ್-ಶೆಲ್ ತೆಗೆದುಹಾಕಿ ಖಾತೆಯಲ್ಲಿ ಅದರ ಹೆಸರು ಬಿಟ್ಟರೆ ಹೀಗಾಗುತ್ತದೆ. ಗ್ರಬ್‌ನ ರಿಕವರಿ ಮೋಡಿನಲ್ಲಿ ರೂಟ್ ಶೆಲ್‌ಗೆ ಹೋಗಿ, ಮೌಂಟ್ -ಓ ರಿಮೌಂಟ್,ಆರ್‌ಡಬ್ಲ್ಯೂ / ಎಂದು ಬರೆಯಲು ತೆರೆದುಕೊಂಡು, ಯೂಸರ್‌ಮಾಡ್ -ಎಸ್ /ಬಿನ್/ಬ್ಯಾಶ್ ಆಫೀಸ್ ಎಂದರೆ ಸರಿಹೋಗುತ್ತದೆ. ರಿಮೌಂಟ್ ಮಾಡದೆ ಹೊಡೆದರೆ ಓದಲಷ್ಟೇ ಇರುವ ಡಿಸ್ಕು ಎಂದು ನಿರಾಕರಿಸುತ್ತದೆ.

ಆ ಶೇಕಡಾ 5ರ ಮೀಸಲು ದಂಡ ಎಂದು ಟ್ಯೂನ್2ಎಫ್‌ಎಸ್ -ಎಂ 0 ಹಾಕಿ ಸೊನ್ನೆ ಮಾಡುವ ಚಟ ಕೆಲವರಿಗಿದೆ. ಫೋಟೊ, ಸಿನಿಮಾ ಇಡುವ ಪ್ರತ್ಯೇಕ ವಿಭಾಗದಲ್ಲಿ ಮಾಡಿಕೊಳ್ಳಲಿ. ಮೂಲ ವಿಭಾಗದಲ್ಲಿ ಬೇಡ. ಈ ಯಂತ್ರದಲ್ಲಿ ಡಿಸ್ಕು ತುಂಬಿದ ಮೇಲೂ ಲೈಟ್‌ಡಿಎಂ ತನ್ನ ಲಾಗ್ ಬರೆದದ್ದು ಆ ಜಾಗದಲ್ಲೇ, ನಮಗೆ ಮೊದಲ ಸುಳಿವು ಸಿಕ್ಕಿದ್ದೂ ಅಲ್ಲೇ. ವಾರ ಕಳೆದು ನೋಡಿದಾಗ ಸಿಸ್‌ಲಾಗ್ 3 ಎಂಬಿ ಇತ್ತು.